ಮಣಿಕಟ್ಟಿನ ಪ್ಲೇಟು, ಹೆಬ್ಬೆರಳಿನ ಕಿರಕಿರಿ: ತೆಗೆಸಿದವರಿದ್ದರೆ ಹೇಳಿ

ಪ್ರಶ್ನೆ:
14 ತಿಂಗಳ ಹಿಂದೆ ಮೆಟ್ಟಿಲಲ್ಲಿ ಜಾರಿ ಕೈ ಊರಿ ಬಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು, ಅಂಗೈ ಕಡೆಯಿಂದ ಕುಯ್ದು ಪ್ಲೇಟ್ ಕೂರಿಸಿದರು. ಮೂಳೆ ಕೂಡಿಕೊಂಡಿದೆ. ಆದರೆ ಎರಡು ತಿಂಗಳಿಂದ ಹೆಬ್ಬೆರಳು ಮಡಚಿದಾಗಲೆಲ್ಲ ಒಳಗೆ ಏನೋ ಕಿರ್ರ್ ಅಂತ ಉಜ್ಜಿದ ಹಾಗಾಗುತ್ತೆ. ಹೊಲಿಗೆ ಗುರುತಿನ ಹತ್ತಿರ ಸಣ್ಣ ಊತವೂ ಇದೆ. ಡಾಕ್ಟರಿಗೆ ತೋರಿಸಿದರೆ "ಎಕ್ಸ್‌ರೇ ಚೆನ್ನಾಗಿದೆ, ಪ್ಲೇಟ್ ಇದ್ದರೆ ಇರಲಿ ಬಿಡಿ" ಅಂದರು. ಇನ್ನೊಂದು ಆಪರೇಷನ್ ಅಂದರೆ ಭಯ. ಯಾರಿಗಾದರೂ ಹೀಗಾಗಿತ್ತಾ? ತೆಗೆಸಿದಿರಾ, ಬಿಟ್ಟಿರಾ?

ಉತ್ತರ:
ನಾನು ಬಿಟ್ಟವನು. ಅದಕ್ಕೇ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನನಗೂ ಇದೇ ಕಿರಕಿರಿ, ಇದೇ ಜಾಗ. ಪ್ಲೇಟ್ ಹಾಕಿಸಿ ಎರಡು ವರ್ಷ ದಾಟಿತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ತಲೆಗೇ ಹೊಳೆಯಲಿಲ್ಲ. ಮುಲಾಮು ಹಚ್ಚಿದೆ, ಬಿಸಿನೀರಲ್ಲಿ ಅದ್ದಿದೆ, ಬೆಲ್ಟ್ ಕಟ್ಟಿಕೊಂಡು ಓಡಾಡಿದೆ. ಒಂದು ಸಂಜೆ ನೋವು ತಾನಾಗಿ ನಿಂತುಹೋಯಿತು. ವಾಸಿಯಾಯಿತು ಅಂತ ಖುಷಿಪಟ್ಟು ಮಲಗಿದೆ! ಬೆಳಿಗ್ಗೆ ಅಂಗಿ ಗುಂಡಿ ಹಾಕಲು ಹೋದರೆ ಹೆಬ್ಬೆರಳ ತುದಿ ಮಡಚುತ್ತಲೇ ಇಲ್ಲ, ಕಡ್ಡಿ ಥರ ನಿಂತಿದೆ. ಹೆಬ್ಬೆರಳನ್ನು ಎಳೆದು ಮಡಚೋ ಹುರಿ, ಅಂದರೆ ಟೆಂಡನ್, ಪ್ಲೇಟಿಗೆ ಉಜ್ಜಿ ಉಜ್ಜಿ ಕಿತ್ತುಹೋಗಿತ್ತು. ಉಜ್ಜಿಸಿಕೊಳ್ಳೋಕೆ ಟೆಂಡನ್ನೇ ಉಳಿದಿರಲಿಲ್ಲ, ಇನ್ನು ನೋವೆಲ್ಲಿಂದ ಬರಬೇಕು.

ಚಾಕುವಿನಿಂದ ಕುಯ್ದುಕೊಂಡ ಟೆಂಡನ್ ಆದರೆ ಎರಡು ತುದಿ ಸೇರಿಸಿ ಹೊಲಿಯಬಹುದಂತೆ. ನನ್ನದು ಬಾವಿ ಹಗ್ಗ ಸವೆದು ಕಿತ್ತ ಹಾಗೆ ಎಳೆಎಳೆಯಾಗಿತ್ತು, ಹೊಲಿಗೆ ಹಿಡಿಯೋ ಸ್ಥಿತಿಯಲ್ಲಿರಲಿಲ್ಲ. ಉಂಗುರ ಬೆರಳನ್ನು ಮಡಚೋಕೆ ಎರಡು ಟೆಂಡನ್ ಇರುತ್ತವೆ. ಅದರಲ್ಲಿ ಒಂದನ್ನು ತಂದು ಹೆಬ್ಬೆರಳಿಗೆ ಜೋಡಿಸಿದರು, ಪ್ಲೇಟನ್ನೂ ತೆಗೆದರು. ಆಮೇಲೆ ವಾರಗಟ್ಟಲೆ ಸ್ಪ್ಲಿಂಟ್, ತಿಂಗಳುಗಟ್ಟಲೆ ಫಿಸಿಯೋ. ಶುರುವಿನಲ್ಲಿ ಭಲೇ ವಿಚಿತ್ರ: ಹೆಬ್ಬೆರಳು ಮಡಚಬೇಕಾದರೆ ಮನಸ್ಸಿನಲ್ಲಿ ಉಂಗುರ ಬೆರಳು ಮಡಚಬೇಕು. ಈಗ ಮರೆತೇ ಹೋಗಿದೆ, ಬೀಗದ ಕೈ ತಿರುಗಿಸುತ್ತೇನೆ, ಬರೆಯುತ್ತೇನೆ. ಆದರೆ ಚಿವುಟೋ ಶಕ್ತಿ ಮೊದಲಿನಷ್ಟಿಲ್ಲ. ಬರೀ ಪ್ಲೇಟ್ ತೆಗೆಸಿ ಮುಗಿಸಬಹುದಾಗಿದ್ದ ಕೆಲಸವನ್ನು ಎಲ್ಲಿಗೆ ತಂದುಕೊಂಡೆ ನೋಡಿ.

ಉತ್ತರ:
ನಾನು ಕೈ ಶಸ್ತ್ರಚಿಕಿತ್ಸೆ ಮಾಡುವವಳು. ನಿಮ್ಮ ಕೈ ನೋಡದೆ ತೆಗೆಸಿ ಅಥವಾ ಬಿಡಿ ಎನ್ನಲಾರೆ. ಆದರೆ "ಎಕ್ಸ್‌ರೇ ಚೆನ್ನಾಗಿದೆ" ಎಂದವರು ಯಾವುದನ್ನು ನೋಡಿ ಹೇಳಿದರು ಎಂದು ಕೇಳಿ. ಮೂಳೆ ಕೂಡಿರುವುದು ಬೇರೆ, ಪ್ಲೇಟಿನ ಅಂಚು ಎಲ್ಲಿದೆ ಎಂಬುದು ಬೇರೆ.

ರೇಡಿಯಸ್ (ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ) ಮೂಳೆಯ ಅಂಗೈ ಬದಿಯಲ್ಲಿ, ಕೀಲಿಗೆ ಸ್ವಲ್ಪ ಮೊದಲು, ಒಂದು ದಿಣ್ಣೆಯಂಥ ಗೆರೆ ಇದೆ. ವಾಟರ್‌ಶೆಡ್ ಲೈನ್ ಎನ್ನುತ್ತೇವೆ. ಅದರ ಹಿಂದೆ, ಮೊಣಕೈ ಕಡೆಗೆ, ಪ್ಲೇಟ್ ಕೂತರೆ ಮೇಲೆ ಸ್ನಾಯುವಿನ ಹೊದಿಕೆ ಇರುತ್ತದೆ. ಗೆರೆ ದಾಟಿ ಮುಂದಕ್ಕೆ ಬಂದರೆ, ಅಥವಾ ಅಂಚು ಮೂಳೆಯಿಂದ ಎದ್ದು ನಿಂತಿದ್ದರೆ, ಹೆಬ್ಬೆರಳ ತುದಿ ಮಡಚುವ ಟೆಂಡನ್ ನೇರ ಲೋಹದ ಮೇಲೇ ಜಾರುತ್ತದೆ. ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಇದನ್ನು 0, 1, 2 ಎಂದು ಅಳೆಯುವ ಸೂಂಗ್ ಶ್ರೇಣಿ 2011ರಿಂದ ಬಳಕೆಯಲ್ಲಿದೆ. ಪ್ಲೇಟು ಮೂಳೆಯ ಅಂಚಿಗೇ ಬಂದಿದ್ದರೆ ಅಥವಾ ದಾಟಿದ್ದರೆ ಅದು 2, ನಮಗೆ ಹೆಚ್ಚು ಚಿಂತೆ ತರುವುದು ಅದೇ. ಹಾಗೆಂದು ಹಾಕಿದವರದೇ ತಪ್ಪು ಎನ್ನಬೇಡಿ. ಮೂಳೆಯ ತುಣುಕು ಅಂಚಿನಲ್ಲೇ ಚಿಕ್ಕದಾಗಿ ಒಡೆದಿದ್ದರೆ ಅದನ್ನು ಹಿಡಿಯಲು ಅಷ್ಟು ಮುಂದಕ್ಕೆ ಹೋಗಲೇಬೇಕಾಗುತ್ತದೆ. ಅಂಥವರಿಗೆ ಮೂಳೆ ಕೂಡಿದ ಮೇಲೆ ತೆಗೆಯೋಣ ಎಂದು ನಾನು ಮೊದಲೇ ಹೇಳಿಟ್ಟಿರುತ್ತೇನೆ.

ಹೆಬ್ಬೆರಳು ಆಡಿಸುತ್ತಾ ಅಲ್ಟ್ರಾಸೌಂಡ್ ಮಾಡಿಸಿ. ಟೆಂಡನ್ ಸುತ್ತ ನೀರು ಕಟ್ಟಿದೆಯೇ, ಸವೆದಿದೆಯೇ ಕಾಣುತ್ತದೆ. ಅಲ್ಲಿಯವರೆಗೆ ದಿನಕ್ಕೊಮ್ಮೆ ಎರಡೂ ಕೈಯ ಹೆಬ್ಬೆರಳ ತುದಿಯ ಗೆಣ್ಣು ಮಡಚಿ ಹೋಲಿಸಿ, ಬಲ ಹಾಕಬೇಡಿ. ತೋರುಬೆರಳ ತುದಿಯೂ ಒಟ್ಟಿಗೇ ಸೋತರೆ ಅದು ನರದ ತೊಂದರೆ ಇರಬಹುದು, ಅದನ್ನೂ ತಿಳಿಸಿ.

ಉತ್ತರ:
ನನ್ನದು ಕೈಯ ಹಿಂಬದಿಯ ಕಥೆ. ಅಂಗೈ ಕಡೆಯಿಂದ ಹಾಕಿದ ಸ್ಕ್ರೂ ಒಂದು ಉದ್ದವಾಗಿ ಆ ಕಡೆ ತೂರಿಕೊಂಡಿತ್ತು. ಮಾಮೂಲಿ ಎಕ್ಸ್‌ರೇಯಲ್ಲಿ ಗೊತ್ತೇ ಆಗಲಿಲ್ಲ, ಅಲ್ಲಿನ ಮೂಳೆಯ ಉಬ್ಬಿನ ಮರೆಯಲ್ಲಿ ತುದಿ ಅಡಗಿತ್ತು. ಮಣಿಕಟ್ಟು ಪೂರ್ತಿ ಬಗ್ಗಿಸಿ ಇನ್ನೊಂದು ಕೋನದಲ್ಲಿ ತೆಗೆದಾಗ ಸಿಕ್ಕಿಬಿತ್ತು. ತೆಗೆಸಿದೆ, ಟೆಂಡನ್ ಉಳೀತು. ಮೇಜಿನ ಮೇಲೆ ಅಂಗೈ ಚಪ್ಪಟೆ ಇಟ್ಟು ಹೆಬ್ಬೆರಳನ್ನಷ್ಟೇ ಮೇಲಕ್ಕೆ ಎತ್ತಲು ಆಗುತ್ತಾ ಅಂತ ನೋಡಿ, ಎತ್ತೋ ಟೆಂಡನ್ನಿಗೆ ಅದೇ ಪರೀಕ್ಷೆ.

ಉತ್ತರ:
ಹೆದರಿ ಎಲ್ಲರೂ ತೆಗೆಸೋಕೆ ಓಡಬೇಡಿ ಮಾರಾಯ್ರೆ. ನನ್ನ ಪ್ಲೇಟಿಗೆ ಈಗ 9 ವರ್ಷ, ಒಂದು ದಿನ ತಂಟೆ ಮಾಡಿಲ್ಲ. ನಮ್ಮ ಭಾವ ಸುಮ್ಮನೆ ತೆಗೆಸಲು ಹೋಗಿ ಸ್ಕ್ರೂ ತಲೆ ಸವೆದು, ಅರ್ಧ ಗಂಟೆ ಅಂದಿದ್ದು ಎರಡೂವರೆ ಗಂಟೆ ಆಯಿತು. ಆದರೆ ಇವರಿಗೆ ಕಿರಕಿರಿ, ಊತ ಎರಡೂ ಇದೆಯಲ್ಲ. ಇದು ನನ್ನ ಥರದ್ದಲ್ಲ.

ಉತ್ತರ:
ಪ್ಲೇಟ್ ಒಂದರ ಮೇಲೇ ಗೂಬೆ ಕೂರಿಸಬೇಡಿ. ನಮ್ಮಮ್ಮನಿಗೆ ಬರೀ ಪ್ಲಾಸ್ಟರ್, ಮೂಳೆ ಕದಲಿಯೂ ಇರಲಿಲ್ಲ, ಆದರೂ ಒಂದೂವರೆ ತಿಂಗಳಲ್ಲಿ ಹೆಬ್ಬೆರಳು ಎತ್ತೋ ಟೆಂಡನ್ ಹರೀತು. ತೋರುಬೆರಳಿಂದ ಒಂದನ್ನು ತಂದು ಹಾಕಿದರು. ಅಲ್ಲೂ ಎರಡು ಇರುತ್ತಂತೆ.

ಕೇಳಿದವರಿಂದ:
ಎಲ್ಲರಿಗೂ ಥ್ಯಾಂಕ್ಸ್. ಬೇರೆ ಡಾಕ್ಟರ ಹತ್ತಿರ ಹೋಗಿ ಪ್ಲೇಟಿನ ಅಂಚು ಎಲ್ಲಿದೆ ಅಂತಲೇ ಕೇಳಿದೆ. ಪಕ್ಕದ ಎಕ್ಸ್‌ರೇ ಮೇಲೆ ಗೆರೆ ಎಳೆದು ತೋರಿಸಿದರು: 2. ಅಲ್ಟ್ರಾಸೌಂಡಲ್ಲಿ ಟೆಂಡನ್ ಸುತ್ತ ನೀರಿದೆ, ಸ್ವಲ್ಪ ದಪ್ಪಗಾಗಿದೆ, ಆದರೆ ಹರಿದಿಲ್ಲ. ಮುಂದಿನ ಗುರುವಾರ ತೆಗೆಯುತ್ತಾರೆ. ಅಲ್ಲಿಯವರೆಗೆ ಬಟ್ಟೆ ಹಿಂಡಬೇಡಿ, ಬಿಗಿ ಮುಚ್ಚಳ ತಿರುಗಿಸಬೇಡಿ ಅಂದಿದ್ದಾರೆ. ಇದನ್ನು ಎಡಗೈಯಲ್ಲಿ ಟೈಪ್ ಮಾಡ್ತಿದ್ದೀನಿ, ತಪ್ಪಿದ್ದರೆ ಕ್ಷಮಿಸಿ.