ಎಂಜಿನ್ ಮೌಂಟಿಗೆ ಉಜ್ಜಿ ಸವೆದ ವೈರು: ಮೇಲೊಂದು ಸ್ಲೀವ್ ತೊಡಿಸಿದರೆ ಸಾಕೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಟೆಕ್ಸಾಸಿನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ನಾನೇ ಕಟ್ಟಿದ ಆರ್‌ವಿ-7 ವಿಮಾನ ಈಗ ಪರೀಕ್ಷಾ ಹಾರಾಟದ ಹಂತದಲ್ಲಿದೆ. ಎಂಜಿನ್ 180 ಅಶ್ವಶಕ್ತಿಯ ಲೈಕಮಿಂಗ್ ಓ-360. 18 ಗಂಟೆ ಹಾರಿದ ಮೇಲೆ ಆಯಿಲ್ ಬದಲಿಸಲೆಂದು ಕೌಲಿಂಗ್ (ಎಂಜಿನ್ನಿನ ಹೊರಮುಚ್ಚಳ) ಬಿಚ್ಚಿ ನೋಡಿದರೆ, ಎಡ ಮ್ಯಾಗ್ನೆಟೊದ (ಎಂಜಿನ್ನಿಗೆ ಕಿಡಿ ಕೊಡುವ ಸಾಧನ) ಪಿ-ಲೀಡ್ ವೈರು (ಕೀಲಿ ತೆಗೆದಾಗ ಮ್ಯಾಗ್ನೆಟೊವನ್ನು ಗ್ರೌಂಡ್‌ಗೆ ಸೇರಿಸಿ ಆರಿಸುವ ತಂತಿ) ಎಂಜಿನ್ನನ್ನು ಹೊತ್ತಿರುವ ಮೌಂಟಿನ ಕೊಳವೆಗೆ ತಾಗುವ ಜಾಗದಲ್ಲಿ ಅದರ ಬಿಳಿಯ ಹೊರಪದರ ಅಕ್ಕಿಕಾಳಿನಷ್ಟು ಉದ್ದ ಸವೆದು, ಒಳಗಿನ ಶೀಲ್ಡಿನ ಜಾಲರಿ ಕಾಣುತ್ತಿತ್ತು. ಪಕ್ಕದ ಇನ್ನೊಂದು ವೈರು ಎಕ್ಸಾಸ್ಟ್ ಪೈಪಿನ ಬಳಿ ಹಾಯ್ದು ಕಂದು ಬಣ್ಣಕ್ಕೆ ತಿರುಗಿದೆ. ಇವೆರಡನ್ನೂ ನೈಲಾನ್ ಜಿಪ್ ಟೈ ಹಾಕಿ ಮೌಂಟಿಗೆ ಕಟ್ಟಿದವನು ನಾನೇ. ಇಡೀ ಕಟ್ಟಿಗೆ ಫೈರ್‌ಸ್ಲೀವ್ (ಬೆಂಕಿ ತಡೆಯುವ ಕವಚ) ತೊಡಿಸಿದರೆ ಎರಡು ತೊಂದರೆಗಳೂ ತೀರುತ್ತವೆಯೇ?

ಉತ್ತರ 1

ದಯವಿಟ್ಟು ಸ್ಲೀವ್ ತೊಡಿಸುವ ಮೊದಲು ಆ ವೈರು ಏಕೆ ಉಜ್ಜಿತು ಎಂಬುದನ್ನು ನೋಡಿ. ಎಂಜಿನ್ ರಬ್ಬರ್ ಬುಷ್‌ಗಳ ಮೇಲೆ ಕುಳಿತಿರುವುದರಿಂದ, ಮುಖ್ಯವಾಗಿ ಚಾಲೂ ಮಾಡುವಾಗಲೂ ನಿಲ್ಲಿಸುವಾಗಲೂ, ಅದು ಮೌಂಟಿನಿಂದ ಬೇರೆಯಾಗಿಯೇ ಕುಲುಕುತ್ತದೆ. ಆದ್ದರಿಂದ ಎಂಜಿನ್ನಿನ ಕಡೆ ಒಂದು, ಮೌಂಟಿನ ಕಡೆ ಒಂದು ಆಡೆಲ್ ಕ್ಲಾಂಪ್ (ಒಳಗೆ ರಬ್ಬರ್ ಮೆತ್ತೆಯಿರುವ ಲೋಹದ ಹಿಡಿಕೆ) ಹಾಕಿ, ನಡುವೆ ಯಾವುದಕ್ಕೂ ತಾಗದಂತೆ ವೈರನ್ನು ಸಡಿಲವಾಗಿ ಬಾಗಿಸಿ ಬಿಡಬೇಕು. ಉಳಿದೆಡೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಎಸಿ 43.13-1ಬಿ ಕೈಪಿಡಿಯ ಅಳತೆಯನ್ನು ಪಾಲಿಸಿ: ಆಧಾರಗಳ ನಡುವಿನ ಅಂತರ 24 ಅಂಗುಲ ಮೀರಬಾರದು, ಕೈಯಿಂದ ಹದವಾಗಿ ಒತ್ತಿದಾಗ ವೈರು ಅರ್ಧ ಅಂಗುಲಕ್ಕಿಂತ ಹೆಚ್ಚು ಬಾಗಬಾರದು.

ಕೊಳವೆಗೆ ನೇರವಾಗಿ ಬಿಗಿದ ಜಿಪ್ ಟೈಗಳನ್ನೆಲ್ಲ ಇಂದೇ ಕತ್ತರಿಸಿ ತೆಗೆಯಿರಿ. ಟೈಯ ಅಡಿಯಲ್ಲಿ ದೂಳು ಸೇರಿದರೆ ಅದು ಅರದಂತೆ ಉಜ್ಜಿ, ಬಣ್ಣವನ್ನಷ್ಟೇ ಅಲ್ಲ, ಕಾಲಕ್ರಮೇಣ ಉಕ್ಕಿನ ಕೊಳವೆಯನ್ನೂ ಕೊರೆಯುತ್ತದೆ. ಟೈ ಇದ್ದ ಜಾಗವನ್ನು ಒರೆಸಿ, ಉಗುರು ಆಡಿಸಿ ಗೀರು ಬಿದ್ದಿದೆಯೇ ಎಂದು ಪರೀಕ್ಷಿಸಿ.

ಪಿ-ಲೀಡನ್ನು ಮಾತ್ರ ತೇಪೆ ಹಾಕದೆ ಪೂರ್ತಿ ಬದಲಿಸಿ. ಒಳಗಿನ ತಂತಿ ಶೀಲ್ಡಿಗೆ ತಾಗಿದರೆ ಹಾರಾಟದಲ್ಲೇ ಆ ಮ್ಯಾಗ್ನೆಟೊ ಸತ್ತುಹೋಗುತ್ತದೆ. ತಂತಿ ತುಂಡಾದರೆ ಇನ್ನೂ ಅಪಾಯ, ಏಕೆಂದರೆ ಕೀಲಿ ತೆಗೆದ ಮೇಲೂ ಮ್ಯಾಗ್ನೆಟೊ ಜೀವಂತವಾಗಿದ್ದು, ಹ್ಯಾಂಗರಿನಲ್ಲಿ ಯಾರಾದರೂ ಪ್ರೊಪೆಲರನ್ನು ಕೈಯಿಂದ ತಿರುಗಿಸಿದರೆ ಎಂಜಿನ್ ಹೊತ್ತಿಕೊಳ್ಳಬಹುದು. ಮನೆಯ ಮಕ್ಕಳೂ ಓಡಾಡುವ ಜಾಗವದು.

ಉತ್ತರ 2

ಶಾಖದ ವಿಷಯಕ್ಕೆ ಬರುತ್ತೇನೆ. ವಿಮಾನಗಳಲ್ಲಿ ಬಳಸುವ, ಟೆಫ್‌ಜೆಲ್ ಎಂಬ ಪ್ಲಾಸ್ಟಿಕ್ ಹೊದಿಕೆಯ ವೈರು 150 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಕಂದಾಗಿರುವುದು ಯಾವ ಬಗೆಯ ವೈರೆಂದು ಮೊದಲು ನೋಡಿ. ಕಾರಿನ ಅಂಗಡಿಯಿಂದ ತಂದ ಪಿವಿಸಿ ವೈರಾದರೆ ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಎಕ್ಸಾಸ್ಟಿನ ಕಾವು ಗಾಳಿಯ ಮೂಲಕಕ್ಕಿಂತ ಹೆಚ್ಚಾಗಿ ವಿಕಿರಣವಾಗಿ ನೇರ ಬಡಿಯುವುದರಿಂದ, ವೈರನ್ನು ಸುತ್ತುವುದಕ್ಕಿಂತ ದೂರ ಸರಿಸುವುದೇ ಮೇಲು. ಸರಿಸಲು ಜಾಗವಿಲ್ಲದಿದ್ದರೆ ಪೈಪಿನ ಮೇಲೆ ನಡುವೆ ಗಾಳಿಯಾಡುವಂತೆ ಸ್ಟೇನ್‌ಲೆಸ್ ತಗಡಿನ ಮರೆಯನ್ನು ಹೋಸ್ ಕ್ಲಾಂಪಿನಿಂದ ಕೂರಿಸಿ. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿಯ ಹರಿವು ನಿಂತು ಕೌಲಿಂಗಿನೊಳಗೆ ಕಾವು ಸ್ವಲ್ಪ ಹೊತ್ತು ಏರುತ್ತಲೇ ಇರುತ್ತದೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಾಪ ಸೂಚಿಸುವ ಪಟ್ಟಿಯನ್ನು ವೈರಿನ ಬಳಿ ಅಂಟಿಸಿ ಒಮ್ಮೆ ಹಾರಿದರೆ ಊಹೆಗೆ ಅವಕಾಶವಿರುವುದಿಲ್ಲ.

ಫೈರ್‌ಸ್ಲೀವ್ ಹಾಕಲೇಬೇಕಾದರೆ ಕತ್ತರಿಸಿದ ತುದಿಗಳನ್ನು ಸಿಲಿಕೋನ್ ಟೇಪಿನಿಂದ ಮುಚ್ಚಿ. ಇಲ್ಲವಾದರೆ ಒಳಗಿನ ಗಾಜಿನ ನೂಲು ದೀಪದ ಬತ್ತಿಯಂತೆ ಆಯಿಲ್ ಹೀರುತ್ತದೆ. ಅದರೊಳಗೆ ವೈರು ಸವೆಯುತ್ತಿದ್ದರೂ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ನನ್ನ ದೊಡ್ಡ ಆಕ್ಷೇಪ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಪಿ-ಲೀಡ್ ಹೊಸದಾಗಿದೆ, ಜಿಪ್ ಟೈಗಳೆಲ್ಲ ಹೋಗಿ ಆಡೆಲ್ ಕ್ಲಾಂಪ್‌ಗಳು ಬಂದಿವೆ. ಒಂದು ಟೈಯ ಅಡಿಯಲ್ಲಿ ಬಣ್ಣ ಹೋಗಿತ್ತು, ಕೊಳವೆಗೆ ಗೀರು ಬಿದ್ದಿರಲಿಲ್ಲ. ಕಂದಾಗಿದ್ದ ವೈರು ಟೆಫ್‌ಜೆಲ್ಲೇ ಆಗಿತ್ತು. ಅದನ್ನೂ ಬದಲಿಸಿ ಎಕ್ಸಾಸ್ಟಿನಿಂದ ಆಚೆಗೆ ಒಯ್ದು, ತಗಡಿನ ಮರೆ ಕೂರಿಸಿ ಒಂದು ಗಂಟೆ ಹಾರಿದೆ. ಪಟ್ಟಿಯಲ್ಲಿ 93 ಡಿಗ್ರಿಯ ಚೌಕದವರೆಗೆ ಮಾತ್ರ ಕಪ್ಪಾಗಿದೆ. ಸ್ಲೀವ್ ಹಾಕಿಲ್ಲ.