‘ಇದೇ ಕಾರಣಕ್ಕೆ ಈಗಾಗಲೇ ಪಡೆದವರು’: ಇಲ್ಲಿ ‘ಇದೇ’ ಅಂದರೆ ಯಾವುದು?

ಬಲ್ಲವರಿಗೆ ನಮಸ್ಕಾರ.

ನಾನಿರುವುದು ಅಂಕೋಲೆಯ ಕಡೆ, ಗಂಗಾವಳಿ ಹೊಳೆಯ ಬದಿಗೆ. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಊರವರ ಅರ್ಜಿ ತುಂಬಿಕೊಡುವುದೇ ಕೆಲಸ. ಮೊನ್ನೆ ನೆರೆಮನೆಯ ಹೆಂಗಸೊಬ್ಬರು ಯಾವುದೋ ಸಂಸ್ಥೆಯ ತುರ್ತು ಸಹಾಯಧನದ ಫಾರಂ ತಂದರು. ಈ ಮಳೆಗಾಲದ ನೆರೆಗೆ ಅವರ ಹಿತ್ತಲ ಕಡೆಯ ಗೋಡೆ ಕುಸಿದಿದೆ. ನಿಂತಿರುವ ಗೋಡೆಯ ಮೇಲೆ 2019ರ ಆಗಸ್ಟಿನ ಕೆಸರುಗೆರೆ, ಅದರಿಂದ ಒಂದು ಗೇಣು ಕೆಳಗೆ 2021ರ ಜುಲೈನದು, ಎರಡೂ ಇನ್ನೂ ಅಳಿಸಿಲ್ಲ.

ಫಾರಂನಲ್ಲಿ ಅರ್ಹತೆಯ ಸಾಲು ಹೀಗಿದೆ: ‘ಇದೇ ಕಾರಣಕ್ಕೆ ಈಗಾಗಲೇ ನೆರವು ಪಡೆದ ಕುಟುಂಬಗಳು ಅರ್ಹವಲ್ಲ.’ 2019ರಲ್ಲಿ ಬಟ್ಟೆ-ಪಾತ್ರೆ ಹಾಳಾದದ್ದಕ್ಕೆ ಸರ್ಕಾರ ಕೊಟ್ಟ 10,000 ರೂಪಾಯಿ ಇವರಿಗೂ ಬಂದಿತ್ತು. ‘ಹಂಗಾರೆ ನಂಗೆ ಇಲ್ವಾ ಮಾಸ್ತರ್ರೆ? ಹೊಳೆ ಅದೇ, ನೆರೆ ಬೇರೆ ಅಲ್ವಾ?’ ಅಂದರು. ನನಗೆ ಚಟ್ಟನೆ ಏನೂ ಹೊಳೆಯಲಿಲ್ಲ.

‘ನಿನ್ನೆಯೂ ಇದೇ ಬಸ್ಸಿಗೆ ಬಂದೆ’ ಅಂದರೆ ಅದೇ ಹೊತ್ತಿನ ಬಸ್ಸು ಎಂದಷ್ಟೇ. ಗಾಡಿ ಬೇರೆಯಿದ್ದರೂ ಮಾತು ಸುಳ್ಳಾಗದು. ‘ನಿನ್ನೆ ಬಸ್ಸಿನಲ್ಲಿ ಬಿಟ್ಟುಬಂದದ್ದು ಇದೇ ಕೊಡೆ’ ಅಂದರೆ ಮಾತ್ರ ಆ ಒಂದೇ ಕೊಡೆ. ಫಾರಂನ ‘ಇದೇ’ ಬಸ್ಸಿನದೋ ಕೊಡೆಯದೋ? ಬಸ್ಸಿನದಾದರೆ ನೆರೆ ಎಂಬ ಜಾತಿಗೇ ಒಂದು ಸಲ, ಮುಗಿಯಿತು. ಕೊಡೆಯದಾದರೆ ಈ ನೆರೆಗೆ ಇವರು ಇನ್ನೂ ಏನೂ ಪಡೆದಿಲ್ಲ. ಜೊತೆಗೆ ‘ಪಡೆದ’ ಎಂಬುದಕ್ಕೆ ಹಿಂದಿನ ಗಡಿಯೇ ಇಲ್ಲ, ಹೋದ ವಾರವೂ ಪಡೆದದ್ದೇ, ಅಜ್ಜನ ಕಾಲದ್ದೂ ಪಡೆದದ್ದೇ. ಯಾರಿಂದ ಪಡೆದದ್ದು ಎಂಬುದೂ ಇಲ್ಲ.

ವರ್ಷಕ್ಕೊಮ್ಮೆ, ನೆರೆಗೊಮ್ಮೆ, ಜನ್ಮಕ್ಕೊಮ್ಮೆ ಎಂದು ಒಂದೇ ಪದದಲ್ಲಿ ಮಿತಿ ಹೇಳಲು ಬರುವ ಭಾಷೆ ನಮ್ಮದು. ಹಾಗಿದ್ದೂ ಇಂಥ ಸಾಲು ಬರೆಯುತ್ತಾರಲ್ಲ!

‘ಪರಿಹಾರ’ ಎಂದು ಬರೆಯದೆ ‘ನೆರವು’ ಎಂದದ್ದು ಬೇಕೆಂದೇ ಇರಬಹುದು. ಸರ್ಕಾರದ ವಿಪತ್ತು ನಿಧಿಯ ನಿಯಮದಲ್ಲೂ ಕೊಡುವುದು ನೆರವೇ ಹೊರತು ನಷ್ಟಭರ್ತಿಯಲ್ಲ. ಜನ ಮಾತ್ರ ಎರಡಕ್ಕೂ ಪರಿಹಾರ ಅನ್ನುತ್ತಾರೆ, ಹಾಗಾಗಿ ನಷ್ಟವಾದಾಗಲೆಲ್ಲ ಸಿಗಬೇಕು ಎಂಬ ಎಣಿಕೆ.

ಇನ್ನೊಂದು ಕೇಳುವುದಿದೆ. ಫಾರಂನ ತಲೆಬರಹ ‘ಏಕಕಾಲಿಕ ಸಹಾಯಧನ’. ನನಗೆ ಗೊತ್ತಿರುವ ಏಕಕಾಲಿಕ ಎಂದರೆ ಒಂದೇ ಹೊತ್ತಿಗೆ ನಡೆಯುವುದು. ಇಲ್ಲಿ ಕಂತಿಲ್ಲದೆ ಒಟ್ಟಿಗೆ ಕೊಡುವುದು ಎಂದೋ, ಒಮ್ಮೆ ಕೊಟ್ಟರೆ ಮತ್ತೆ ಇಲ್ಲ ಎಂದೋ? ನಿಮ್ಮ ಕಡೆಯ ಕಚೇರಿ ಕಾಗದಗಳಲ್ಲಿ ಈ ಪದ ಯಾವ ಅರ್ಥಕ್ಕೆ ಬಳಕೆಯಲ್ಲಿದೆ, ದಯವಿಟ್ಟು ತಿಳಿಸಿ. ಸೋಮವಾರ ಕೊನೆಯ ದಿನ. ಫಾರಂ ನನ್ನ ಮೇಜಿನ ಮೇಲೇ ಇದೆ.