ಅವ್ವನ ಸೊಂಟದ ಕೀಲು ಬದಲಿಸಲು ಡಾಕ್ಟರನ್ನು ಆರಿಸುವುದು ಹೇಗೆ? ಕಲಬುರಗಿ ಕಡೆಯವರು ಅನುಭವ ಹೇಳಿ

ಕೇಳಿದವರು, ಕಲಬುರಗಿ

ಅವ್ವನಿಗೆ ಎಪ್ಪತ್ನಾಲ್ಕು. ಬಲಗಡೆಯ ಸೊಂಟದ ಕೀಲು ಪೂರ್ತಿ ಸವೆದಿದೆ, ಬದಲಿಸದೆ ಗತ್ಯಂತರವಿಲ್ಲ ಎಂದು ಇಬ್ಬರು ಡಾಕ್ಟರು ಹೇಳಿದ್ದಾರೆ. ಶುಗರ್ ಇದೆ, ಬಿಪಿಗೆ ಮಾತ್ರೆ ನಡೆದಿದೆ. ನಮ್ಮ ಮುಂದೆ ಮೂರು ದಾರಿಗಳಿವೆ. ಊರಿನಲ್ಲಿಯೇ ಇಪ್ಪತ್ತು ವರ್ಷದಿಂದ ಇರುವ ಒಬ್ಬರು. ತಿಂಗಳಿಗೆ ಎರಡು ಭಾನುವಾರ ಹೈದರಾಬಾದಿನಿಂದ ಇಲ್ಲಿಗೆ ಬಂದು ಆಪರೇಷನ್ ಮಾಡಿ ಹೋಗುವ, ದೊಡ್ಡ ಹೆಸರಿನ ಇನ್ನೊಬ್ಬರು. ಅದೂ ಬೇಡವೆಂದರೆ ನೇರವಾಗಿ ಹೈದರಾಬಾದಿನ ಆಸ್ಪತ್ರೆ. ಪುಣೆಯಲ್ಲಿರುವ ತಮ್ಮ ಫೋನು ಮಾಡಿದಾಗಲೆಲ್ಲ ‘ದುಡ್ಡಿನ ಚಿಂತೆ ಬಿಡು, ಎಲ್ಲರಿಗಿಂತ ಒಳ್ಳೆಯವರ ಹತ್ತಿರ ತೋರಿಸು’ ಎನ್ನುತ್ತಾನೆ. ಒಳ್ಳೆಯವರು ಎಂದು ಗುರುತಿಸುವುದು ಹೇಗೆ ಎಂಬುದೇ ನನಗೆ ತಿಳಿಯುತ್ತಿಲ್ಲ. ಡಾಕ್ಟರ ಹೆಸರು ಬೇಡ. ನೀವು ಏನು ನೋಡಿ ಆರಿಸಿದಿರಿ, ಏನು ನೋಡದೆ ಕಷ್ಟಪಟ್ಟಿರಿ, ಅಷ್ಟು ಹೇಳಿ.

ಕಲಬುರಗಿಯ ಒಬ್ಬ ಮಗಳು

ಅಣ್ಣಾ, ನನ್ನ ಅವ್ವನಿಗೆ ಆಪರೇಷನ್ ಆಗಿ ಎರಡು ವರ್ಷವಾಗುತ್ತ ಬಂತು. ನಮ್ಮ ಕಥೆ ಶುರುವಾದದ್ದು ಸೊಂಟದಿಂದಲ್ಲ, ಮೊಣಕಾಲಿನಿಂದ. ಅವ್ವ ಮೊಣಕಾಲು ಮುಟ್ಟಿ ತೋರಿಸಿ ‘ಇಲ್ಲೇ ನೋವು’ ಎನ್ನುತ್ತಿದ್ದಳು. ಒಂದು ವರ್ಷ ಎಣ್ಣೆ ತಿಕ್ಕಿದೆವು, ಪಟ್ಟಿ ಹಾಕಿದೆವು. ಒಂದು ಆಸ್ಪತ್ರೆಯಲ್ಲಿ ಮೊಣಕಾಲಿಗೆ ಎರಡು ಇಂಜೆಕ್ಷನ್ನೂ ಆದವು. ಆ ವರ್ಷವೆಲ್ಲ ಅವಳನ್ನು ಯಾರೂ ಮಂಚದ ಮೇಲೆ ಮಲಗಿಸಿ ನೋಡಲಿಲ್ಲ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಚೀಟಿ ಬರೆದರು, ಅಷ್ಟೇ.

ಕೊನೆಗೆ ಸಿಕ್ಕ ಡಾಕ್ಟರು ಎಕ್ಸ್‌ರೇ ಲಕೋಟೆಯನ್ನು ಬಿಚ್ಚದೆ ಮೇಜಿನ ಅಂಚಿಗೆ ಸರಿಸಿದರು. ‘ಬಾಗಿಲಿನಿಂದ ಇಲ್ಲಿಯವರೆಗೆ ಇನ್ನೊಮ್ಮೆ ನಡೆದು ಬಾ ಅಮ್ಮಾ’ ಎಂದರು. ಅವ್ವ ಬಂದು ಕುಳಿತ ಮೇಲೆ ಅವಳ ಚಪ್ಪಲಿಯನ್ನು ಕೇಳಿ ತೆಗೆದುಕೊಂಡು ಬೋರಲು ಹಾಕಿದರು. ಎಡಗಾಲಿನದು ಹೊಸದರಂತೆಯೇ ಇತ್ತು. ಬಲಗಾಲಿನದರ ಹೊರ ಅಂಚು ಓರೆಯಾಗಿ ಸವೆದು ಕಾಗದದಂತಾಗಿತ್ತು. ದಿನವೂ ಆ ಚಪ್ಪಲಿಯನ್ನು ಬಾಗಿಲ ಬಳಿ ಸರಿಸಿಡುತ್ತಿದ್ದವಳು ನಾನೇ. ಆಮೇಲೆ ಅವಳನ್ನು ಮಲಗಿಸಿ, ಮೊಣಕಾಲು ಮಡಿಸಿ, ಪಾದವನ್ನು ಮೆಲ್ಲಗೆ ಹೊರಕ್ಕೆ ತಳ್ಳಿದರು. ಹಾಗೆ ಮಾಡಿದರೆ ತೊಡೆ ಒಳಕ್ಕೆ ತಿರುಗುತ್ತದೆಯಂತೆ. ಅವ್ವ ‘ಅಯ್ಯೋ ಯಪ್ಪಾ’ ಎಂದು ತೊಡೆಸಂದು ಹಿಡಿದುಕೊಂಡಳು. ‘ನಿಮ್ಮ ಮೊಣಕಾಲು ನನ್ನದಕ್ಕಿಂತ ಚೆನ್ನಾಗಿದೆ. ಮೇಲಿನ ಕೀಲಿನ ನೋವು ಕೆಳಗೆ ಕಾಣಿಸಿಕೊಳ್ಳುತ್ತಿದೆ’ ಎಂದರು. ಅರ್ಧ ಆಯ್ಕೆ ನನ್ನ ಮಟ್ಟಿಗೆ ಅಲ್ಲಿಯೇ ಮುಗಿಯಿತು. ಮುಟ್ಟಿ ನೋಡದವರ ಕೈಯಲ್ಲಿ ಕತ್ತಿ ಕೊಡಬಾರದು ಎಂದು ನಮ್ಮ ಮಾಮಾ ಹೇಳುತ್ತಾರೆ. ಅವರು ಹೇಳುವುದು ಹಜಾಮರ ಬಗ್ಗೆ, ಇರಲಿ.

ಉಳಿದರ್ಧ ಆಯ್ಕೆಯಾದದ್ದು ಮಾತಿನಲ್ಲಿ. ವರ್ಷಕ್ಕೆ ಎಷ್ಟು ಸೊಂಟದ ಕೀಲು ಹಾಕುತ್ತೀರಿ ಎಂದು ಕೇಳಿ. ‘ಕೀಲು’ ಎಂದಷ್ಟೇ ಕೇಳಿದರೆ ಮೊಣಕಾಲನ್ನೂ ಸೇರಿಸಿ ಲೆಕ್ಕ ಹೇಳುತ್ತಾರೆ. ನಮ್ಮ ಕಡೆ ಮೊಣಕಾಲಿನ ಆಪರೇಷನ್ ಮಾಡುವವರು ಬಹಳ, ಸೊಂಟಕ್ಕೆ ಕೈ ಹಾಕುವವರು ಅಷ್ಟಿಲ್ಲ. ಬಿದ್ದು ಮುರಿದುಕೊಂಡವರಿಗೆ ಹಾಕಿದ್ದೆಷ್ಟು, ಸವೆತಕ್ಕೆ ಹಾಕಿದ್ದೆಷ್ಟು ಎಂದು ಬೇರೆ ಬೇರೆ ಕೇಳಿ. ಅವು ಬೇರೆ ಬೇರೆ ಕೆಲಸ. ನಿಮ್ಮ ಕೈಯಲ್ಲಿ ಆದದ್ದರಲ್ಲಿ ಯಾವುದು ಕೆಟ್ಟಿತು ಎಂದೂ ಕೇಳಿ. ಕೇಳಲು ನನಗೆ ಬಾಯಿ ಒಣಗಿತ್ತು, ಕೇಳಿಬಿಟ್ಟೆ. ಅವರು ಸಿಟ್ಟಾಗಲಿಲ್ಲ. ಒಬ್ಬರಿಗೆ ಕೀಲು ಜಾರಿ ಮತ್ತೆ ಕೂಡಿಸಬೇಕಾಯಿತು, ಇನ್ನೊಬ್ಬರಿಗೆ ನಂಜಾಗಿ ಎಲ್ಲವನ್ನೂ ತೆಗೆದು ಎರಡನೆಯ ಸಲ ಮಾಡಬೇಕಾಯಿತು ಎಂದು ಬಿಡಿಸಿ ಹೇಳಿದರು. ಅದಕ್ಕೂ ಮೊದಲು ನೋಡಿದ್ದ ಒಬ್ಬರು ಇದೇ ಪ್ರಶ್ನೆಗೆ ‘ದೇವರ ದಯೆಯಿಂದ ಒಂದೂ ಕೆಟ್ಟಿಲ್ಲ’ ಎಂದು ಗೋಡೆಯ ಫೋಟೋ ತೋರಿಸಿದ್ದರು. ಅವರ ಬಳಿಗೆ ಮತ್ತೆ ಹೋಗಲಿಲ್ಲ.

ಇನ್ನು ನಿಮ್ಮ ಭಾನುವಾರದ ಡಾಕ್ಟರ ವಿಷಯ. ಅವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ನಮ್ಮ ಓಣಿಯ ಒಬ್ಬ ಕಾಕಾಗೆ ಹೀಗೆಯೇ ಬಂದು ಹೋಗುವ ಒಬ್ಬರು ಆಪರೇಷನ್ ಮಾಡಿದ್ದರು. ಭಾನುವಾರ ಆಯಿತು, ಸೋಮವಾರ ನಿಲ್ಲಿಸಿದರು, ಎಲ್ಲರೂ ಖುಷಿ. ಬುಧವಾರ ಸಂಜೆ ಜ್ವರ ಬಂತು, ಗಾಯದ ಪಟ್ಟಿ ಒದ್ದೆಯಾಗತೊಡಗಿತು. ರಾತ್ರಿ ಪಾಳಿಯ ಹುಡುಗ ಡಾಕ್ಟರು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರು. ಆ ಕಡೆಯಿಂದ ‘ಆಂಟಿಬಯೋಟಿಕ್ ಬದಲಿಸಿ’ ಎಂದು ಬಂತು. ಮರುದಿನ ಮತ್ತೊಂದು ಫೋಟೋ. ಆಪರೇಷನ್ ಮಾಡಿದವರು ಗಾಯವನ್ನು ಕಣ್ಣಾರೆ ಕಂಡದ್ದು ಹದಿನಾಲ್ಕನೆಯ ದಿನ. ಕಾಕಾ ಬದುಕಿದ್ದಾರೆ, ನಡೆಯುತ್ತಾರೆ. ಆದರೆ ಒಳಗೆ ಮತ್ತೊಮ್ಮೆ ತೊಳೆಯಬೇಕಾಯಿತು, ಎರಡು ತಿಂಗಳು ಹಾಸಿಗೆಯಲ್ಲಿ ಹೋಯಿತು. ಆದ್ದರಿಂದ ಅವರನ್ನೇ ಆರಿಸುವುದಾದರೆ, ನಾಲ್ಕನೆಯ ರಾತ್ರಿ ಏನಾದರೂ ಆದರೆ ಬಂದು ಪಟ್ಟಿ ಬಿಚ್ಚುವವರು ಯಾರು, ಬೇಕಾದರೆ ಮತ್ತೆ ಥಿಯೇಟರಿಗೆ ಒಯ್ಯುವವರು ಯಾರು ಎಂದು ಹೆಸರು ಹಿಡಿದು ಕೇಳಿ. ಆ ವ್ಯಕ್ತಿಯನ್ನು ಆಪರೇಷನ್ನಿಗೆ ಮೊದಲೇ ಭೇಟಿಯಾಗಿ.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಬ್ಬ ಫಿಸಿಯೋಥೆರಪಿಸ್ಟರ ಮಾತು. ಊರಿನ ಎಲ್ಲ ಡಾಕ್ಟರು ಮಾಡಿದ ಆಪರೇಷನ್ನುಗಳೂ ಕೊನೆಗೆ ಬರುವುದು ಅವರ ಹತ್ತಿರ. ಯಾರ ರೋಗಿ ಮೂರನೆಯ ವಾರದಲ್ಲಿ ಹೇಗೆ ನಡೆಯುತ್ತಾನೆ, ಯಾರ ರೋಗಿಗೆ ಒಂದು ಕಾಲು ಉದ್ದವಾಗಿದೆ, ಎಲ್ಲವೂ ಅವರಿಗೆ ಗೊತ್ತು. ‘ಯಾರು ಒಳ್ಳೆಯವರು’ ಎಂದು ಕೇಳಿದರೆ ಜಾರಿಕೊಳ್ಳುತ್ತಾರೆ. ‘ನಿಮ್ಮ ತಾಯಿಯಾದರೆ ಎಲ್ಲಿಗೆ ಒಯ್ಯುತ್ತಿದ್ದಿರಿ’ ಎಂದು ಕೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ.

ಬೀದರಿನಿಂದ

ಮೇಲಿನ ಅಕ್ಕ ಹೇಳಿದ್ದು ಸವೆತದ ಮಾತು. ಅಲ್ಲಿ ಹುಡುಕಲು, ಕೇಳಲು ಸಮಯವಿರುತ್ತದೆ. ನಮಗೆ ಇರಲಿಲ್ಲ. ಅಬ್ಬಾ ಬೆಳಗಿನ ನಮಾಜಿಗೆ ವಜೂ ಮಾಡಲು ಎದ್ದವರು ಬಚ್ಚಲಿನ ಒದ್ದೆ ಶಹಾಬಾದಿ ಪರಸಿಯ ಮೇಲೆ ಜಾರಿ ಬಿದ್ದರು. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಮನೆ ತುಂಬ ಹಿರಿಯರು. ಎಲುಬು ಕಟ್ಟುವವರನ್ನು ಕರೆಸೋಣ ಎಂದು ಇಬ್ಬರು, ಹೈದರಾಬಾದಿಗೇ ಹೋಗೋಣ ಎಂದು ಮೂವರು. ಆ ವಾದದಲ್ಲಿ ಒಂದು ದಿನವೇ ಹೋಯಿತು. ಆಮೇಲೆ ತಿಳಿದದ್ದು: ವಯಸ್ಸಾದವರ ತೊಡೆ ಎಲುಬಿನ ಕತ್ತು ಮುರಿದರೆ ಒಂದೆರಡು ದಿನದೊಳಗೆ ಆಪರೇಷನ್ ಆಗಬೇಕು. ಮಲಗಿದಷ್ಟೂ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಇಂಥದ್ದರಲ್ಲಿ ನಾಳೆ ಬೆಳಿಗ್ಗೆಯೇ ಮಾಡಬಲ್ಲ ಹತ್ತಿರದ ಡಾಕ್ಟರೇ, ಮುಂದಿನ ವಾರ ಸಿಗುವ ದೊಡ್ಡ ಡಾಕ್ಟರಿಗಿಂತ ದೊಡ್ಡವರು.

ಅಬ್ಬಾನಿಗೆ ಪೂರ್ತಿ ಕೀಲು ಹಾಕಲಿಲ್ಲ, ತೊಡೆ ಎಲುಬಿನ ತುದಿಯ ಗುಂಡು ಮಾತ್ರ ಬದಲಿಸಿದರು. ಆ ಗುಂಡು ಕೂರುವ ಬಟ್ಟಲು ಚೆನ್ನಾಗಿತ್ತಂತೆ. ಇನ್ನೂ ಸ್ವಲ್ಪ ಕೆಳಗೆ ಮುರಿದಿದ್ದರೆ ಬದಲಿಸುವ ಮಾತೇ ಇಲ್ಲ, ಒಳಗೆ ರಾಡ್ ಹಾಕಿ ಕೂಡಿಸುತ್ತಾರೆ. ಪಕ್ಕದ ಮನೆಯವರಿಗೆ ಹಾಕಿದ್ದನ್ನೇ ನಮಗೂ ಹಾಕಿ ಎಂದು ನಾನು ಡಾಕ್ಟರ ಜೊತೆ ಜಗಳಕ್ಕೆ ನಿಂತಿದ್ದೆ, ಈಗ ನಾಚಿಕೆಯಾಗುತ್ತದೆ.

ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: ‘ಸಜ್ದಾ ಮಾಡಬಹುದೇ?’ ನಮಾಜಿನಲ್ಲಿ ಹಣೆಯನ್ನು ನೆಲಕ್ಕೆ ಮುಟ್ಟಿಸುವುದು ಅದು. ಡಾಕ್ಟರು ‘ಆಮೇಲೆ ನೋಡೋಣ’ ಎಂದು ತೇಲಿಸಲಿಲ್ಲ. ಕುರ್ಚಿ ತರಿಸಿ, ಅದರ ಮೇಲೆ ಕುಳಿತು ಎಷ್ಟು ಬಗ್ಗಬಹುದು ಎಂದು ತಾವೇ ಬಗ್ಗಿ ತೋರಿಸಿದರು. ಅಬ್ಬಾ ಕುರ್ಚಿಯ ನಮಾಜಿಗೆ ಒಪ್ಪಿಕೊಂಡದ್ದು ಅದನ್ನು ಕಂಡ ಮೇಲೆಯೇ.

ಯಾದಗಿರಿಯಿಂದ

ದುಡ್ಡಿನ ಬಗ್ಗೆ ಯಾರೂ ಬರೆದಿಲ್ಲ. ಸರ್ಕಾರದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಎಪಿಎಲ್ ಆದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಆಪರೇಷನ್ನಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗುವುದಿಲ್ಲ ಎಂದರೆ ಮಾತ್ರ ಬೇರೆ ಕಡೆಗೆ ಚೀಟಿ ಕೊಡುತ್ತಾರೆ. ನಾವು ಮೊದಲು ಖಾಸಗಿಯಲ್ಲಿ ಸೇರಿಸಿ ಆಮೇಲೆ ಕಾರ್ಡ್ ತೋರಿಸಿದೆವು, ಕೆಲಸಕ್ಕೆ ಬರಲಿಲ್ಲ. ಸೇರುವ ಮೊದಲೇ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರ ಮುಂದೆ ಕುಳಿತು ಕೇಳಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ನಮ್ಮ ಯಾದಗಿರಿಯ ಯಿಮ್ಸ್ ಎಲ್ಲವೂ ಸರ್ಕಾರಿ ವೈದ್ಯಕೀಯ ಕಾಲೇಜುಗಳೇ. ಸರ್ಕಾರಿ ಎಂದು ಮೂಗು ಮುರಿಯುವ ಮೊದಲು ಎಲುಬು ವಿಭಾಗದ ಹೊರರೋಗಿ ದಿನ ಒಮ್ಮೆ ಹೋಗಿ ನೋಡಿ.

ಖಾಸಗಿಯಾದರೆ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ. 2017ರಲ್ಲಿ ಕೇಂದ್ರ ಗರಿಷ್ಠ ಬೆಲೆ ಗೊತ್ತು ಮಾಡಿದ್ದು ಮೊಣಕಾಲಿನ ಕೀಲಿಗೆ. ಸೊಂಟದ್ದು ಆ ಆದೇಶದಲ್ಲಿ ಇರಲಿಲ್ಲ.

ಹೈದರಾಬಾದಿಗೆ ಹೋಗಿ ಬಂದವರು, ಹುಮನಾಬಾದ್

ನನ್ನ ಅಭಿಪ್ರಾಯ ಬೇರೆ. ತಾಯಿಗೆ ಹೃದಯದ ತೊಂದರೆಯೂ ಇತ್ತು. ಹೃದಯದವರು, ಕಿಡ್ನಿಯವರು, ಅರಿವಳಿಕೆಯವರು, ಐಸಿಯು ಒಂದೇ ಸೂರಿನಡಿ ಬೇಕು ಎಂದು ನೇರವಾಗಿ ಹೈದರಾಬಾದಿಗೆ ಹೋದೆವು, ಪಶ್ಚಾತ್ತಾಪವಿಲ್ಲ. ಆದರೆ ವಾಪಸು ಬರುವ ದಾರಿಯ ಬಗ್ಗೆ ಯಾರೂ ಎಚ್ಚರಿಸಿರಲಿಲ್ಲ. ತಗ್ಗು ಸೀಟಿನ ಕಾರು ತಂದಿದ್ದೆ. ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಕೂರಬಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು, ಆ ಸೀಟಿನಲ್ಲಿ ಬೇರೆ ಥರ ಕೂರಲು ಸಾಧ್ಯವೇ ಇರಲಿಲ್ಲ. ಎರಡು ದಿಂಬು ಹಾಕಿ, ಗಂಟೆಗೊಮ್ಮೆ ಗಾಡಿ ನಿಲ್ಲಿಸಿ, ವಾಕರ್ ಇಳಿಸಿ ನಾಲ್ಕು ಹೆಜ್ಜೆ ನಡೆಸುತ್ತ ಬಂದೆವು. ಹೊಲಿಗೆ ಬಿಚ್ಚಲು ಮತ್ತೆ, ಆರು ವಾರಕ್ಕೆ ಮತ್ತೆ. ದೂರ ಹೋಗುವುದಾದರೆ ಹೊಲಿಗೆ ಬಿಚ್ಚುವವರೆಗೆ ಅಲ್ಲಿಯೇ ಒಂದು ಬಾಡಿಗೆ ಕೋಣೆ ಹಿಡಿಯಿರಿ.

ನಿವೃತ್ತ ಸ್ಟಾಫ್ ನರ್ಸ್, ಕಲಬುರಗಿ

ಮೂವತ್ತು ವರ್ಷ ವಾರ್ಡಿನಲ್ಲಿ ಕಳೆದವಳು, ನಾಲ್ಕು ಮಾತು ಹೇಳುತ್ತೇನೆ. ಮೊದಲ ಭೇಟಿಯಲ್ಲಿಯೇ ‘ನಾಳೆ ಸೇರಿಸಿ’ ಎನ್ನುವವರ ಬಗ್ಗೆ ಎಚ್ಚರವಾಗಿರಿ. ಸವೆತದ ಆಪರೇಷನ್ನಿಗೆ ಅವಸರವಿಲ್ಲ. ಮೂರು ತಿಂಗಳ ಶುಗರ್ ಸರಾಸರಿ (ಎಚ್‌ಬಿಎ1ಸಿ ಪರೀಕ್ಷೆ) ಎಷ್ಟು, ಹುಳುಕು ಹಲ್ಲಿದೆಯೇ, ಮೂತ್ರದಲ್ಲಿ ಸೋಂಕಿದೆಯೇ, ಹಿಮ್ಮಡಿ ಒಡೆದಿದೆಯೇ ಎಂದು ನೋಡುವವರು ಕೀಲಿಗೆ ನಂಜು ಹತ್ತಬಾರದೆಂದು ನೋಡುವವರು. ರಕ್ತ ತೆಳುವಾಗಿಸುವ ಮಾತ್ರೆ ನಡೆದಿದ್ದರೆ ಬಾಯಿಬಿಟ್ಟು ಹೇಳಿ.

ಎರಡನೆಯ ರಾತ್ರಿಗೆ ಮನೆಯವರು ಸಿದ್ಧರಿರಬೇಕು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಕೆಲವೊಮ್ಮೆ ದಿಕ್ಕು ತಪ್ಪುತ್ತದೆ. ಒಬ್ಬ ಅಜ್ಜಿ ರಾತ್ರಿ ಎರಡು ಗಂಟೆಗೆ ಸಲೈನ್ ಕಿತ್ತು, ರೊಟ್ಟಿ ಬಡಿಯಬೇಕು, ಹಿಟ್ಟು ಎಲ್ಲಿ ಎಂದು ಹಾಸಿಗೆಯನ್ನು ತಟ್ಟುತ್ತಿದ್ದರು. ಮಗ ಹೆದರಿ ಅಳತೊಡಗಿದ. ಆ ಹೊತ್ತಿಗೆ ಡಾಕ್ಟರನ್ನು ಕರೆಯಲೇಬೇಕು, ಕಾರಣ ಜ್ವರವೋ ರಕ್ತದ ಸೋಡಿಯಂ ಏರುಪೇರೋ ಮೂತ್ರ ಕಟ್ಟಿದ್ದೋ ನೋಡುತ್ತಾರೆ. ಕನ್ನಡಕ, ಕಿವಿಯ ಯಂತ್ರ, ಒಂದು ಪರಿಚಿತ ಮುಖ ಹತ್ತಿರವಿದ್ದರೆ ಬಹಳ ಜನ ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ.

ಇನ್ನೊಂದು, ಹಾಕಿದ ಕೀಲಿನ ಡಬ್ಬಿಯ ಮೇಲಿನ ಸ್ಟಿಕ್ಕರುಗಳನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಲು ಹೇಳಿ. 2010ರಲ್ಲಿ ಡಿಪ್ಯೂ ಕಂಪನಿ ತನ್ನ ಎಎಸ್‌ಆರ್ ಎಂಬ ಲೋಹದ ಸೊಂಟದ ಕೀಲನ್ನು ಜಗತ್ತಿನಾದ್ಯಂತ ಹಿಂಪಡೆದಾಗ, ನಮ್ಮ ದೇಶದಲ್ಲಿ ಅದನ್ನು ಹಾಕಿಸಿಕೊಂಡಿದ್ದ ಎಷ್ಟೋ ಜನರನ್ನು ಪತ್ತೆ ಹಚ್ಚಲಾಗಲಿಲ್ಲ. ಒಳಗೆ ಯಾವ ಕಂಪನಿಯದು, ಯಾವ ನಂಬರಿನದು ಇದೆ ಎಂಬುದು ನಿಮ್ಮ ಕಪಾಟಿನಲ್ಲಿ ಇರಬೇಕು.

ಕೇಳಿದವರು, ಮತ್ತೆ

ಎಲ್ಲರಿಗೂ ಶರಣು. ನಿನ್ನೆ ಊರಿನ ಡಾಕ್ಟರ ಹತ್ತಿರ ಹೋಗಿ ಬಂದೆವು. ಅವರು ಅವ್ವನ ಚಪ್ಪಲಿಯನ್ನೇನೂ ನೋಡಲಿಲ್ಲ, ಆದರೆ ಮಲಗಿಸಿ ಕಾಲು ತಿರುಗಿಸಿ ನೋಡಿದರು, ಟೇಪು ಹಿಡಿದು ಎರಡೂ ಕಾಲು ಅಳೆದರು. ಯಾವುದು ಕೆಟ್ಟಿತ್ತು ಎಂದು ಕೇಳಿದೆ. ಸ್ವಲ್ಪ ಮುಖ ಗಂಟಿಕ್ಕಿದರು, ಆಮೇಲೆ ಹೇಳಿದರು. ಮೂರು ತಿಂಗಳ ಶುಗರ್ ಸರಾಸರಿ 9.1 ಬಂದಿದೆ. ಅದು ಇಳಿಯುವವರೆಗೆ ಕತ್ತಿ ಹಿಡಿಯುವುದಿಲ್ಲ, ಕೆಳಗಿನ ಎರಡು ಹುಳುಕು ಹಲ್ಲು ಕೀಳಿಸಿಕೊಂಡು ಬನ್ನಿ ಎಂದು ಕಳಿಸಿದ್ದಾರೆ. ಸೊಂಟ ತೋರಿಸಲು ಹೋದರೆ ಹಲ್ಲಿಗೆ ಬಂದರು ಎಂದು ಅವ್ವನಿಗೆ ಸಿಟ್ಟು. ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ. ತಮ್ಮನಿಗೂ ಸಮಾಧಾನವಿಲ್ಲ, ಹೈದರಾಬಾದಿನಲ್ಲಿ ಒಮ್ಮೆ ತೋರಿಸು ಎನ್ನುತ್ತಿದ್ದಾನೆ. ತೋರಿಸುತ್ತೇನೆ, ಹೇಗೂ ಸಮಯವಿದೆ.

ಈಗ ಒಂದು ಸಣ್ಣ ಪ್ರಶ್ನೆ. ನಮ್ಮದು ಹಳೆಯ ಮನೆ, ಕೆಳಗೆ ಕುಳಿತುಕೊಳ್ಳುವ ಪಾಯಖಾನೆ. ಕಮೋಡ್ ಕುರ್ಚಿ ತರಬೇಕೇ, ಗೌಂಡಿಯನ್ನು ಕರೆಸಿ ಒಡೆಸಬೇಕೇ?

ಕಲಬುರಗಿಯ ಮಗಳು

ಶುಗರ್ ಇಳಿಸುವಷ್ಟರಲ್ಲಿ ಗೌಂಡಿಯ ಕೆಲಸ ಮುಗಿಯುತ್ತದೆ ಅಣ್ಣಾ, ಒಡೆಸಿಬಿಡಿ. ಅವ್ವನನ್ನು ಬೇರೆ ಬೇರೆ ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಕೆಳಗೆ ಬರುವ ಎತ್ತರ ಯಾವುದೋ ಅದನ್ನು ಗೌಂಡಿಗೆ ಅಳತೆ ಕೊಡಿ. ಅಂಗಡಿಯಲ್ಲಿ ಸಿಗುವ ಕಮೋಡು ನಮಗೆ ತಗ್ಗಾಗಿ, ಕೆಳಗೆ ಇಟ್ಟಿಗೆಯ ಕಟ್ಟೆ ಕಟ್ಟಿಸಬೇಕಾಯಿತು. ಕೈಹಿಡಿಯನ್ನು ಟೈಲ್ಸಿನ ಮೇಲೆ ಅಂಟಿಸಲು ಬಿಡಬೇಡಿ, ಗೋಡೆಯೊಳಕ್ಕೆ ಬೋಲ್ಟ್ ಹೋಗಬೇಕು. ಪರಸಿಯ ಮೇಲೆ ರಬ್ಬರ್ ಹಾಸು ಹಾಕಿ. ಹಲ್ಲು ಕೀಳಿಸಿದ ದಿನ ಅವ್ವನಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಡಿ, ಸಿಟ್ಟು ಅರ್ಧ ಇಳಿಯುತ್ತದೆ.